ಗೆಜ್ಜೆ ಬಿಚ್ಚುವ ಮುನ್ನ ಒಂದು ಆಟ

ಸೆಪ್ಟೆಂಬರ್ ತಿಂಗಳ ಮೂರನೆಯ ಭಾನುವಾರದ ಪ್ರಾತಃಕಾಲ, ಸೂರ್ಯೋದಯಕ್ಕೆ ಇನ್ನೂ ಒಂದು ಗಳಿಗೆಯಿರುವಾಗ, ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಸಣ್ಣ ಸರೋವರವೊಂದರ ದಂಡೆಯಲ್ಲಿ, ಈಜಿಗೆಂದು ತೊಡುವ ರಬ್ಬರಿನ ಕರಿಯ ಉಡುಪನ್ನು ಮೊಣಕಾಲಿನವರೆಗೆ ಏರಿಸಿಕೊಂಡು, ಅಲ್ಲಿಂದಾಚೆಗೆ ಅದು ಮೇಲಕ್ಕೂ ಬಾರದೆ ಕೆಳಕ್ಕೂ ಇಳಿಯದೆ ಇದ್ದುದರಿಂದ ಒಂಟಿ ಕಾಲಿನ ಮೇಲೆ ಕುಣಿಯುತ್ತಿದ್ದ ನಡುವಯಸ್ಸಿನ ಗೃಹಸ್ಥನೊಬ್ಬನನ್ನು ಯಾರಾದರೂ ಕಂಡಿದ್ದರೆ, ಅವನು ನಾನೇ ಎಂದು ತಿಳಿಯಬೇಕು. ಗಾಳಿಯ ಉಷ್ಣತೆ ಹತ್ತು ಡಿಗ್ರಿಗಿಂತ ಕೆಳಗಿಳಿದಿತ್ತು; ನೀರು ಮಾತ್ರ ಬೇಸಗೆಯಲ್ಲಿ ಕೂಡಿಟ್ಟುಕೊಂಡ ಬಿಸುಪನ್ನು ಜಿಪುಣನಂತೆ ಇನ್ನೂ ಕಾಪಾಡಿಕೊಂಡಿದ್ದುದರಿಂದ, ಸರೋವರದ ಮೈಯಿಂದ ಆವಿಯೆದ್ದು, ಬಚ್ಚಲ ಹಂಡೆಯ ಮುಚ್ಚಳ ತೆಗೆದಂತೆ ಕಾಣುತ್ತಿತ್ತು. ಈ ದೇಶದ ನಿಯಮದಂತೆ ನೀರಿನ ಉಷ್ಣತೆ 78 ಫ್ಯಾರನ್‌ಹೀಟ್ ಡಿಗ್ರಿಯನ್ನು, ಎಂದರೆ ನಮ್ಮ ಲೆಕ್ಕದ ಇಪ್ಪತ್ತೈದೂವರೆ ಡಿಗ್ರಿಯನ್ನು, ಮೀರಿದರೆ ಈ ರಬ್ಬರು ತೊಟ್ಟವನಿಗೆ ಬಹುಮಾನದ ಹಕ್ಕಿಲ್ಲ. ಆ ಬೆಳಿಗ್ಗೆ ಈ ನಿಯಮವನ್ನು ನೆನೆಯುವ ಆವಶ್ಯಕತೆ ಯಾರಿಗೂ ಬೀಳಲಿಲ್ಲ.

ಮೊದಲು ಈಜು, ಒಡನೆಯೇ ಸೈಕಲ್ಲು, ಅದರಿಂದ ಇಳಿದೊಡನೆಯೇ ಓಟ: ನಡುವೆ ವಿರಾಮವಿಲ್ಲದ ಈ ಮೂರನ್ನು ಕೂಡಿಸಿ ಟ್ರಯಥ್ಲಾನ್ ಎನ್ನುತ್ತಾರೆ. ಒಲಿಂಪಿಕ್ ಪ್ರಮಾಣದ್ದಾದರೆ 1.5 ಕಿಲೋಮೀಟರ್ ಈಜು, 40 ಕಿಲೋಮೀಟರ್ ಸೈಕಲ್ಲು, 10 ಕಿಲೋಮೀಟರ್ ಓಟ. ಅದರ ಅರ್ಧದಷ್ಟಿರುವುದಕ್ಕೆ ಸ್ಪ್ರಿಂಟ್ ಎಂದು ಹೆಸರು. ನಾನು ಹೆಸರು ಕೊಟ್ಟಿದ್ದುದು ಈ ಅರ್ಧಕ್ಕೆ. ಜೂನ್‌ನಿಂದ ಆಗಸ್ಟ್‌ವರೆಗೆ ಮೂರು ಪಂದ್ಯಗಳನ್ನು, ವಾರವಾರದ ಅಭ್ಯಾಸಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡು, ವ್ರತಸ್ಥನಂತೆ ಮುಗಿಸಿದ್ದೆನು. ಈ ನಾಲ್ಕನೆಯದಕ್ಕೆ ಪಟ್ಟಿಯೂ ಇರಲಿಲ್ಲ, ಗುರಿಯೂ ಇರಲಿಲ್ಲ. ಹಿಂದಿನ ರಾತ್ರಿ ಸೈಕಲ್ಲಿನ ಗಾಲಿಗೆ ಗಾಳಿ ತುಂಬುತ್ತಿದ್ದಾಗ ಮನೆಯವಳು ಬಾಗಿಲಲ್ಲಿ ನಿಂತು, “ಪದಕ ಇಲ್ಲ, ಅಭ್ಯಾಸ ಇಲ್ಲ, ಈ ಚಳಿಗೆ ಹೋಗುವುದೆಂತಕ್ಕೆ? ನಿಮಗೆ ಮರುಳಾ?” ಎಂದು ಕೇಳಿದಳು. ನಾನು, “ಪತ್ತನಾಜೆ ಅಲ್ಲವಾ?” ಎಂದೆನು. ಇಬ್ಬರೂ ದಕ್ಷಿಣ ಕನ್ನಡದವರಾದುದರಿಂದ ಹೆಚ್ಚಿನ ವ್ಯಾಖ್ಯಾನ ಬೇಕಾಗಲಿಲ್ಲ.

ಘಟ್ಟದ ಮೇಲಿನ ಓದುಗರಿಗಾಗಿ ಎರಡು ಮಾತು. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಎಂದರೆ ಮೇ ತಿಂಗಳ 24 ಅಥವಾ 25ರ ಸುಮಾರಿಗೆ, ಪತ್ತನಾಜೆ ಬರುತ್ತದೆ. ಕಾರ್ತಿಕದ ಆಚೀಚೆ ಹೊರಟ ಯಕ್ಷಗಾನ ಮೇಳಗಳು ಅಂದು ತಿರುಗಾಟವನ್ನು ಮುಗಿಸುತ್ತವೆ. ಕೊನೆಯ ಸೇವೆಯಾಟವಾಡಿ ಕಲಾವಿದರು ದೇವರ ಸನ್ನಿಧಿಯಲ್ಲಿ ಗೆಜ್ಜೆ ಬಿಚ್ಚುತ್ತಾರೆ. ಆರು ತಿಂಗಳ ಕಾಲ ಪ್ರತಿ ರಾತ್ರಿಯೂ ಕುಣಿದ ಕಾಲುಗಳು ದಣಿದಿರಬೇಕಷ್ಟೆ. ಆದರೆ ಬಾಲ್ಯದಲ್ಲಿ ನಾನು ಕಂಡ ಆ ಕೊನೆಯ ಆಟಗಳಲ್ಲಿ ದಣಿವಿನ ಬದಲು ಒಂದು ವಿಧದ ಸ್ವಚ್ಛಂದವೇ ತೋರುತ್ತಿತ್ತು. ಹಾಸ್ಯಗಾರನ ಮಾತು ಎಂದಿನದಕ್ಕಿಂತ ಉದ್ದವಾಗುತ್ತಿತ್ತು; ಭಾಗವತರು ಅದನ್ನು ತಡೆಯುವ ಗೋಜಿಗೆ ಹೋಗುತ್ತಿರಲಿಲ್ಲ. ನಾಳೆಯ ಊರಿಗೆ ಹೊರೆ ಕಟ್ಟುವ ಚಿಂತೆ ಇಲ್ಲದವನು ಆಡುವ ರೀತಿಯೇ ಬೇರೆ. ನಮ್ಮ ನಾಡಿನಲ್ಲಿ ಬಯಲಾಟವನ್ನು ನಿಲ್ಲಿಸುವುದು ಮಳೆ, ಈ ನಾಡಿನಲ್ಲಿ ಹಿಮ. ಅಲ್ಲಿ ಗೆಜ್ಜೆ ಕಳಚುವ ಮೇ ತಿಂಗಳಲ್ಲಿ ಇಲ್ಲಿಯವರು ಗೆಜ್ಜೆ ಕಟ್ಟುತ್ತಾರೆ ಎಂಬುದಷ್ಟೇ ವ್ಯತ್ಯಾಸ.

ಹೀಗೆ ಬರಿಯ ವಿನೋದಕ್ಕಾಗಿ ಇಳಿಯುವುದು ಕ್ರೀಡೆಯ ಗೌರವಕ್ಕೆ ಕುಂದೆಂದು ಭಾವಿಸುವವರಿದ್ದಾರೆ. ಅವರು ಈ ಕ್ರೀಡೆಯ ಜನ್ಮವೃತ್ತಾಂತವನ್ನು ಒಮ್ಮೆ ನೋಡಬೇಕು. 1974ರ ಸೆಪ್ಟೆಂಬರ್ 25ರಂದು, ಬುಧವಾರದ ಸಂಜೆ, ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೋ ನಗರದ ಮಿಷನ್ ಬೇ ಎಂಬ ಕೊಲ್ಲಿಯ ದಂಡೆಯಲ್ಲಿ, ಅಲ್ಲಿಯ ಓಟಗಾರರ ಸಂಘದ ಜ್ಯಾಕ್ ಜಾನ್‌ಸ್ಟನ್ ಮತ್ತು ಡಾನ್ ಶಾನಹನ್ ಎಂಬಿಬ್ಬರು, ಸುತ್ತುಪಥದ ಏಕತಾನದ ಅಭ್ಯಾಸದಿಂದ ಬೇಸತ್ತವರಿಗೊಂದು ಬದಲಾವಣೆಯಾಗಲೆಂದು, ಓಟ, ಸೈಕಲ್ಲು, ಈಜುಗಳನ್ನು ಹೆಣೆದು ಪಂದ್ಯವೊಂದನ್ನು ಹೂಡಿದರು. ಪ್ರವೇಶಧನ ಒಂದು ಡಾಲರು. ಬಂದವರು 46 ಮಂದಿ. ಪಾರಿತೋಷಕ ಮಾಡುವವನು ‘ಟ್ರಯಥ್ಲಾನ್’ ಎಂಬ ಶಬ್ದ ನಿಘಂಟಿನಲ್ಲಿ ಸಿಕ್ಕದೆ ಅದರ ಅಕ್ಷರಗಳೇನೆಂದು ಫೋನು ಮಾಡಿ ಕೇಳಬೇಕಾಯಿತಂತೆ. ಆರಂಭವೇ ಸಂಜೆಯಾದುದರಿಂದ ಹಿಂದುಳಿದವರು ನೀರಿನಲ್ಲಿರುವಾಗಲೇ ಕತ್ತಲೆ ಕವಿಯಿತು. ಕಾರುಗಳನ್ನು ದಡದತ್ತ ತಿರುಗಿಸಿ ದೀಪ ಹಾಕಿ ಅವರಿಗೆ ದಾರಿ ತೋರಿಸಿದರು. ಈ ಕಾಲದಲ್ಲಿ ಯಾವ ಅಧಿಕಾರಿ ಇದಕ್ಕೆ ಅನುಮತಿ ಕೊಟ್ಟಾನು? ಅದೂ ಸೆಪ್ಟೆಂಬರ್ ತಿಂಗಳೇ ಎಂಬುದನ್ನು ಓದುಗರು ಗಮನಿಸಬೇಕು.

ಆ ಸಂಜೆ ಓಡಿ ಈಜಿದವರಲ್ಲಿ ನೌಕಾದಳದ ಅಧಿಕಾರಿ ಜಾನ್ ಕಾಲಿನ್ಸ್ ಮತ್ತು ಅವರ ಪತ್ನಿ ಜೂಡಿ ಕಾಲಿನ್ಸ್ ಇದ್ದರು. ಮುಂದೆ ಹವಾಯಿಗೆ ಹೋದ ಇವರು, ಈಜುಗಾರ, ಸೈಕಲ್ ಸವಾರ, ಓಟಗಾರ ಈ ಮೂವರಲ್ಲಿ ಯಾರ ದೇಹ ಹೆಚ್ಚು ಸಮರ್ಥವೆಂದು ಬಹುಮಾನ ಸಮಾರಂಭವೊಂದರಲ್ಲಿ ಎದ್ದ ತರ್ಕಕ್ಕೆ ಉತ್ತರವಾಗಿ, ಓಆಹು ದ್ವೀಪದಲ್ಲಿ ಮೊದಲೇ ಇದ್ದ ಮೂರು ದೀರ್ಘ ಸ್ಪರ್ಧೆಗಳ ದೂರವನ್ನು ಒಂದೇ ದಿನಕ್ಕೆ ಪೋಣಿಸಿದರು. 1978ರ ಫೆಬ್ರವರಿ 18ರಂದು 15 ಮಂದಿ ಹೊರಟರು, 12 ಮಂದಿ ಮುಟ್ಟಿದರು. ಗಾರ್ಡನ್ ಹಾಲರ್ 11 ಗಂಟೆ 46 ನಿಮಿಷ 58 ಸೆಕೆಂಡಿನಲ್ಲಿ ಮೊದಲಿಗನಾದನು. ಎರಡನೆಯವನಾದ ಜಾನ್ ಡನ್‌ಬಾರ್‌ಗೆ ದಾರಿಯಲ್ಲಿ ನೀರು ತೀರಿಹೋಗಿ, ಜೊತೆಗಿದ್ದವರು ಬಿಯರ್ ಕುಡಿಸಿದರೆಂದು ಪ್ರತೀತಿ. ‘ಉಕ್ಕಿನ ಮನುಷ್ಯ’ ಎಂಬ ಬಿರುದು ಅಂದು ಹುಟ್ಟಿ, ಅದರ ಹಿಂದೆಯೇ ಸಾವಿರಾರು ಡಾಲರಿನ ಸೈಕಲ್ಲುಗಳೂ, ಹೃದಯದ ಬಡಿತವನ್ನು ಲೆಕ್ಕವಿಡುವ ಕೈಗಡಿಯಾರಗಳೂ ಬಂದುವು. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಸ್ಥಾನವೂ ದೊರೆಯಿತು. ಆ ಸಾಧಕರ ಬಗೆಗೆ ನನಗಿರುವುದು ಆದರವೇ. ಆದರೆ ಉಕ್ಕಾಗುವ ಹಂಬಲವೇ ಈ ಕ್ರೀಡೆಯ ಸರ್ವಸ್ವವೆಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ.

ದಂಡೆಯಲ್ಲಿ ಸ್ವಯಂಸೇವಕಿಯಾದ ಹುಡುಗಿಯೊಬ್ಬಳು ದಪ್ಪ ಪೆನ್ನಿನಿಂದ ನನ್ನ ತೋಳಿನ ಮೇಲೆ ಸಂಖ್ಯೆಯನ್ನೂ, ಮೀನಖಂಡದ ಮೇಲೆ ವಯಸ್ಸನ್ನೂ ಬರೆದಳು. ನಮ್ಮನ್ನು ಹಿಂದೆ ಹಾಕಿ ಹೋಗುವವರ ವಯಸ್ಸು ಹಿಂದಿನಿಂದ ನಮಗೆ ಸ್ಪಷ್ಟವಾಗಿ ಕಾಣುವಂತೆ ಮಾಡಿರುವ ಈ ವ್ಯವಸ್ಥೆ, ನನ್ನ ಅಭಿಪ್ರಾಯದಲ್ಲಿ, ಈ ಆಟದ ಅತ್ಯಂತ ನಿರ್ದಯವಾದ ಸಂಪ್ರದಾಯ. ಕಹಳೆ ಊದಿತು. ನೀರಿಗಿಳಿದೆವು.

ಅಭ್ಯಾಸವಿರಲಿಲ್ಲ ಎಂದೆನಲ್ಲ, ಈಜಿಗೆ ಆ ಮಾತು ಅನ್ವಯಿಸದು. ಈ ಕ್ರೀಡೆಯಲ್ಲಿ ಸಂಭವಿಸಿದ ಮರಣಗಳಲ್ಲಿ ಹೆಚ್ಚಿನವು ನೀರಿನಲ್ಲಿಯೇ ಆದುದರಿಂದ, ನೀರಿನೊಡನೆ ವಿನೋದವಾಡುವವನು ಮೊದಲು ಅದನ್ನು ಬಲ್ಲವನಾಗಿರಬೇಕು. ನಾನು ಈಜು ಕಲಿತುದು ಊರಿನ ದೇವಸ್ಥಾನದ ಕೆರೆಯಲ್ಲಿ, ಬಾಳೆದಿಂಡನ್ನು ಅಪ್ಪಿಕೊಂಡು. ಕಣ್ಣಿಗೆ ಕಟ್ಟಿದ ಕನ್ನಡಕದಾಚೆ ಮಂಜು, ಮಂಜಿನಾಚೆ ಎಲ್ಲಿಯೋ ದಾರಿಯನ್ನು ಸೂಚಿಸುವ ಕಿತ್ತಳೆ ಬಣ್ಣದ ಬುರುಡೆ; ಹತ್ತು ಬೀಸಿಗೊಮ್ಮೆ ಮೊಸಳೆಯಂತೆ ಕಣ್ಣು ಮೇಲೆತ್ತಿ ಅದನ್ನು ಹುಡುಕಬೇಕು. ಜುಲೈ ತಿಂಗಳಲ್ಲಾಗಿದ್ದರೆ ಬೀಸುಗಳನ್ನು ಎಣಿಸುತ್ತಿದ್ದೆನು. ಅಂದು ಅರ್ಧ ದಾರಿಯಲ್ಲಿ ಅಂಗಾತನಾಗಿ ತೇಲಿದೆನು. ಮೇಲೆ ಹೆಬ್ಬಾತುಗಳ ಸಾಲೊಂದು ದಕ್ಷಿಣಕ್ಕೆ, ಸಂತೆಯಿಂದ ಮರಳುವವರಂತೆ ಗದ್ದಲಿಸುತ್ತ, ಹೋಗುತ್ತಿತ್ತು. ರಕ್ಷಣೆಗೆ ನಿಂತ ದೋಣಿಯನ್ನು ಹಿಡಿದು ವಿಶ್ರಮಿಸಲು ನಿಯಮದ ಅಡ್ಡಿಯಿಲ್ಲ. ಅದರ ಬಲದಿಂದ ಮುಂದೆ ಸಾಗಬಾರದು, ಅಷ್ಟೆ. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಈ ಸೌಲಭ್ಯವನ್ನು ಉಪಯೋಗಿಸಿಕೊಂಡು, ದೋಣಿಯಲ್ಲಿದ್ದ ವೃದ್ಧರೊಡನೆ ಆ ವರ್ಷದ ಮೀನುಗಾರಿಕೆಯ ವಿಚಾರವಾಗಿ ಎರಡು ಮಾತನಾಡಿದೆನು. ಮೀನು ಕಡಮೆಯಂತೆ.

ನೀರಿನಿಂದೆದ್ದು ಸೈಕಲ್ಲಿಗೆ ಹೋಗುವ ಸಂಧಿಕಾಲವನ್ನೂ ಗಡಿಯಾರ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ನಿಷ್ಠಾವಂತರು ಅಲ್ಲಿ ಒದ್ದೆಗಾಲಿನಲ್ಲಿಯೇ, ಕಾಲುಚೀಲವನ್ನೂ ತೊಡದೆ, ಬೂಟಿನೊಳಗೆ ನುಗ್ಗುತ್ತಾರೆ. ನಾನು ಪಾದಗಳನ್ನು ಬೆರಳುಬೆರಳಾಗಿ ಒರಸಿ, ಉಣ್ಣೆಯ ಚೀಲ ತೊಟ್ಟು, ಫ್ಲಾಸ್ಕಿನಲ್ಲಿ ತಂದಿದ್ದ ಕಾಫಿಯನ್ನು ಕುಡಿದೆನು. ಪಕ್ಕದ ಯುವಕನು ನನ್ನನ್ನು ನೋಡಿದ ನೋಟದಲ್ಲಿ ತಿರಸ್ಕಾರವಿತ್ತೋ ಅಸೂಯೆಯಿತ್ತೋ ನಿರ್ಣಯಿಸಲಾರೆ. ಒಂದು ನಿಯಮಕ್ಕೆ ಮಾತ್ರ ವಿನೋದದಲ್ಲಿಯೂ ವಿನಾಯಿತಿಯಿಲ್ಲ: ಶಿರಸ್ತ್ರಾಣದ ಪಟ್ಟಿಯನ್ನು ಬಿಗಿದ ಮೇಲೆಯೇ ಸೈಕಲ್ಲನ್ನು ಮುಟ್ಟಬೇಕು.

ಒಣಗಿದ ಜೋಳದ ಹೊಲಗಳು, ಕೆಂಪು ಬಣ್ಣದ ದೊಡ್ಡ ಕೊಟ್ಟಿಗೆಗಳು, ಹುಳಿತ ಮೇವಿನ ವಾಸನೆ, ತಲೆಯೆತ್ತಿ ನಮ್ಮನ್ನು ನೋಡಿ ಮತ್ತೆ ಮೇಯತೊಡಗುವ ಹಸುಗಳು. ಇದೇ ದಾರಿಯಲ್ಲಿ ಹಿಂದೆ ಮೂರು ಬಾರಿ ಹೋಗಿದ್ದರೂ ಈ ಹಸುಗಳಿದ್ದುದು ನನಗೆ ತಿಳಿದಿರಲಿಲ್ಲ. ಹತ್ತನೆಯ ಕಿಲೋಮೀಟರಿನ ಏರಿನಲ್ಲಿ ಸೈಕಲ್ಲಿನ ಚೈನು ಕಳಚಿತು. ಅದನ್ನು ಹಿಂದಿನ ಪಂದ್ಯವೊಂದರಲ್ಲಿ ಮಹಾವಿಪತ್ತೆಂದು ಭಾವಿಸಿ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಈ ಸಲ ದಾರಿಯ ಬದಿಯಲ್ಲಿ ಕುಳಿತು, ಮಸಿಗೈ ಮಾಡಿಕೊಂಡು, ಸಾವಧಾನವಾಗಿ ಏರಿಸಿದೆನು. ಅಷ್ಟರಲ್ಲಿ ಮಗಳದೆಂದು ತೋರುವ ಬುಟ್ಟಿಯ ಸೈಕಲ್ಲೇರಿ ಬಂದ ಭಾರಿ ಆಳೊಬ್ಬನು, ಗಂಟೆ ಬಾರಿಸುತ್ತ, ಬೆವರುತ್ತ, ನನ್ನನ್ನು ದಾಟಿ ಹೋದನು. ಬುಟ್ಟಿಯಲ್ಲಿ ಒಂದು ಕುಂಬಳಕಾಯಿ ಇತ್ತು.

ಸೈಕಲ್ಲಿನಿಂದಿಳಿದು ಓಡತೊಡಗಿದಾಗ ಕಾಲುಗಳು ಪರರವೆಂಬಂತೆ ಭಾಸವಾಗುವುದು ಎಲ್ಲರ ಅನುಭವ. ಇಷ್ಟು ಹೊತ್ತು ಮೈಭಾರವನ್ನು ಹೊರದೆ ಸುತ್ತುತ್ತಿದ್ದ ಸ್ನಾಯುಗಳಿಗೆ ಒಮ್ಮೆಲೆ ಭಾರವನ್ನು ಹೊತ್ತು ನೆಲವನ್ನು ಒದೆಯುವ ಕೆಲಸ ಬೀಳುತ್ತದೆ. ಹಳೆಯ ಲಯವನ್ನು ಬಿಟ್ಟು ಹೊಸ ಲಯಕ್ಕೆ ಒಗ್ಗಲು ಅವಕ್ಕೆ ಸ್ವಲ್ಪ ಹೊತ್ತು ಬೇಕು. ಒಂದು ತಾಳದಲ್ಲಿ ಕುಣಿಯುತ್ತಿದ್ದವನಿಗೆ ಚೆಂಡೆಯವನು ಹೇಳದೆಯೇ ತಾಳ ಬದಲಿಸಿದಂತೆ. ಈ ಮರಗಟ್ಟಿದ ಕಾಲಿನ ಓಟದಲ್ಲಿ, ಮೂರನೆಯ ಕಿಲೋಮೀಟರಿನ ಬಳಿ, ಮೀನಖಂಡದ ಮೇಲೆ 68 ಎಂದು ಬರೆಸಿಕೊಂಡ ಮಹಿಳೆಯೊಬ್ಬರು ನನ್ನನ್ನು ಹಿಂದೆ ಹಾಕಿದರು. ಹಿಂಬಾಲಿಸಬೇಕೆಂಬ ದುರಾಸೆ ಒಂದು ಕ್ಷಣ ನನ್ನಲ್ಲಿಯೂ ಉದಿಸಿತು. ವಿನೋದವೆಂದು ಎಷ್ಟು ಹೇಳಿಕೊಂಡರೂ ಮನುಷ್ಯನ ಅಹಂಕಾರ ಅಷ್ಟು ಸುಲಭವಾಗಿ ಗೆಜ್ಜೆ ಬಿಚ್ಚುವುದಿಲ್ಲವಷ್ಟೆ. ನಾನೂರು ಗಜದಷ್ಟು ದೂರ ಪ್ರಯತ್ನಿಸಿದೆನು. ಅವರು ದೂರವಾಗುತ್ತಲೇ ಹೋದರು.

ಮುಟ್ಟಿದ ಮೇಲೆ ಈ ಸೀಮೆಯ ಪ್ರಸಿದ್ಧವಾದ ತಾಜಾ ಚೀಸಿನ ತುಣುಕುಗಳನ್ನು ಹಂಚಿದರು. ಹೊಸದಾಗಿದ್ದರೆ ಅವು ಹಲ್ಲಿಗೆ ಸಿಕ್ಕಾಗ ಕೀಚೆನ್ನುತ್ತವೆ. ಕಂಬಕ್ಕೆ ಅಂಟಿಸಿದ ಫಲಿತಾಂಶದ ಹಾಳೆಯನ್ನು ನೋಡಬಾರದೆಂದಿದ್ದವನು ನೋಡಿಯೇಬಿಟ್ಟೆನು: ಜುಲೈ ತಿಂಗಳಿಗಿಂತ ಹದಿಮೂರು ನಿಮಿಷ ತಡ. ಅದರಲ್ಲಿ ಕಾಫಿಯ ಪಾಲೆಷ್ಟು, ಮೀನಿನ ಮಾತಿನ ಪಾಲೆಷ್ಟು ಎಂದು ಬೇರೆಬೇರೆಯಾಗಿ ತೋರಿಸಿರಲಿಲ್ಲ.

ಸೈಕಲ್ಲನ್ನು ಕಾರಿಗೆ ಕಟ್ಟುತ್ತಿದ್ದಾಗ, ಎದುರು ದಂಡೆಯ ಮನೆಯವರಿಬ್ಬರು ಎದೆಯವರೆಗೆ ಬರುವ ರಬ್ಬರಿನ ಚಡ್ಡಿ ತೊಟ್ಟು ನೀರಿಗಿಳಿದು, ತಮ್ಮ ಮರದ ಅಟ್ಟಣೆಯನ್ನು ತುಂಡುತುಂಡಾಗಿ ಬಿಚ್ಚಿ ದಡಕ್ಕೆ ಎಳೆಯುತ್ತಿದ್ದರು. ಬಿಟ್ಟರೆ ಚಳಿಗಾಲದ ಮಂಜುಗಡ್ಡೆ ಅದನ್ನು ಮುರಿದುಹಾಕುತ್ತದೆ. ಕಂಬಗಳು ಒಂದೊಂದಾಗಿ ನೀರಿನಿಂದ ಮೇಲೆ ಬಂದುವು. ಹನ್ನೊಂದು ಗಂಟೆಯ ವೇಳೆಗೆ ಸರೋವರದ ಆ ದಂಡೆ ಬರಿದಾಗಿತ್ತು.