ಹಳೆಯ ಹಾಡುಗಳ ನಕ್ಷತ್ರಧೂಳಿ

ಹತ್ತಿ ಬಿಡಿಸುತ್ತ ಬೆಳೆದ ಹಳ್ಳಿಗಾಯಕ ಪಟ್ಟಣದ ನೃತ್ಯಶಾಲೆ, ನಾಟಕ, ಸಿನಿಮಾಗಳ ಹಳೆಯ ಪ್ರೇಮಗೀತೆಗಳನ್ನು ಹಾಡಿದರೆ ಯಾರು ಕೊಳ್ಳುತ್ತಾರೆ? 1977ರ ಕೊನೆಯಲ್ಲಿ ಅಮೆರಿಕದ ಕೊಲಂಬಿಯಾ ರೆಕಾರ್ಡ್ಸ್ ಕಂಪನಿಯ ಅಧಿಕಾರಿಗಳನ್ನು ಕಾಡಿದ ಪ್ರಶ್ನೆಯಿದು. ಹಾಗೆ ಹಾಡಲು ಹೊರಟವರು ಟೆಕ್ಸಾಸ್‌ನ ಕಂಟ್ರಿ ಗಾಯಕ ವಿಲ್ಲಿ ನೆಲ್ಸನ್.

ಕಂಟ್ರಿ ಎಂದರೆ ಅಲ್ಲಿನ ಹಳ್ಳಿಗಾಡಿನ ಸಂಗೀತ. 1933ರಲ್ಲಿ ಅಬಾಟ್ ಎಂಬ ಪುಟ್ಟ ಊರಿನಲ್ಲಿ ಹುಟ್ಟಿದ ನೆಲ್ಸನ್ ಅಜ್ಜ-ಅಜ್ಜಿಯ ಆಸರೆಯಲ್ಲಿ ಬೆಳೆದರು. ಅಕ್ಕ ಬಾಬಿ ಪಿಯಾನೊ ನುಡಿಸಿದರೆ ತಮ್ಮನ ಕೈಯಲ್ಲಿ ಗಿಟಾರ್. 1975ರಲ್ಲಿ ಬಂದ ‘ರೆಡ್ ಹೆಡೆಡ್ ಸ್ಟ್ರೇಂಜರ್’ ಗೆದ್ದ ಮೇಲೆ ಅವರ ಮಾತಿಗೆ ಬೆಲೆ ಬಂತು. ಕಂಪನಿ ಅನುಮಾನಪಟ್ಟರೂ ಅವರು ಹಟ ಬಿಡಲಿಲ್ಲ.

ಮ್ಯಾಲಿಬುವಿನಲ್ಲಿ ನೆರೆಯವರಾಗಿದ್ದ ಬುಕರ್ ಟಿ. ಜೋನ್ಸ್ ನಿರ್ಮಾಪಕರಾದರು. ಇವರು ಮೆಂಫಿಸ್‌ನ ಕರಿಯ ಜನರ ‘ಸೋಲ್’ ಸಂಗೀತದಲ್ಲಿ ಪಳಗಿದ ಆರ್ಗನ್ ವಾದಕ. ಗಾಯಕಿ ಎಮಿಲೂ ಹ್ಯಾರಿಸ್ ಮನೆಯಲ್ಲಿ ಧ್ವನಿಮುದ್ರಣ ನಡೆಯಿತು. ಇದ್ದದ್ದು ಹತ್ತೇ ಹಾಡು. ಹೋಗಿ ಕಾರ್ಮೈಕೇಲ್, ಅರ್ವಿಂಗ್ ಬರ್ಲಿನ್, ಗರ್ಷ್‌ವಿನ್, ಡ್ಯೂಕ್ ಎಲಿಂಗ್ಟನ್‌ರಂಥವರ ರಚನೆಗಳು.

ಈ ಹಾಡುಗಳಿಗೆ ದೊಡ್ಡ ವಾದ್ಯಮೇಳದ ಅಬ್ಬರವೇ ರೂಢಿ. ನೆಲ್ಸನ್ ಅದನ್ನು ಕಳಚಿಹಾಕಿದರು. ‘ಟ್ರಿಗರ್’ ಎಂದು ಅವರು ಹೆಸರಿಟ್ಟಿರುವ ಗಿಟಾರಿಗೆ ನೈಲಾನ್ ತಂತಿ. ಉಕ್ಕಿನ ತಂತಿಗಿಂತ ಇದರ ಬಿಗಿ ಕಡಿಮೆ, ಮೇಲಿನ ಉಪಸ್ವರಗಳೂ ಬೇಗ ಅಡಗುತ್ತವೆ. ಹೀಗಾಗಿ ನಾದ ಮೃದು. ಬೆರಳಿನಿಂದ ನುಡಿಸಲೆಂದು ಮಾಡಿದ ವಾದ್ಯವನ್ನು ಅವರು ಪಿಕ್ ಹಿಡಿದು ಮೀಟುತ್ತಾರೆ. ಉಜ್ಜಿ ಉಜ್ಜಿ ಅದರ ಮರದಲ್ಲಿ ತೂತೇ ಬಿದ್ದಿದೆ! ತಾಳಕ್ಕಿಂತ ತುಸು ಹಿಂದೆ ನಿಂತು, ಮಾತಾಡುವಂತೆ ಹಾಡುವುದು ಅವರ ಶೈಲಿ.

1978ರ ಏಪ್ರಿಲ್‌ನಲ್ಲಿ ‘ಸ್ಟಾರ್‌ಡಸ್ಟ್’ ಹೊರಬಂತು. ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಆಲ್ಬಂ ಪಟ್ಟಿಯಲ್ಲಿ ಅದು ಉಳಿದದ್ದು 540 ವಾರ, ಅಂದರೆ ಹತ್ತು ವರ್ಷಕ್ಕೂ ಮಿಗಿಲು! ಅಮೆರಿಕದಲ್ಲೇ 50 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. 1930ರ ರಚನೆ ‘ಜಾರ್ಜಿಯಾ ಆನ್ ಮೈ ಮೈಂಡ್’ 1979ರಲ್ಲಿ ಗ್ರ್ಯಾಮಿ ಪ್ರಶಸ್ತಿ ತಂದಿತು. ಆಸ್ಟಿನ್ ನಗರದಲ್ಲಿ ಹಾಡಿದಾಗ ಹರೆಯದ ಶ್ರೋತೃಗಳು 1927ರ ‘ಸ್ಟಾರ್‌ಡಸ್ಟ್’ ಗೀತೆಯನ್ನು ಹೊಸ ಹಾಡೆಂದೇ ತಿಳಿದರಂತೆ!

ತಟ್ಟೆಯ ಹೊದಿಕೆಗೆ ಸುಸಾನಾ ಕ್ಲಾರ್ಕ್ ಬರೆದ ಚಿತ್ರದಲ್ಲಿರುವುದು ನಮ್ಮ ಕೃತ್ತಿಕಾ ನಕ್ಷತ್ರಪುಂಜ. ಇಂದು ರಾತ್ರಿ ನಮಗೆ ಕಾಣುವ ಅದರ ಬೆಳಕು ಹೊರಟು ಸುಮಾರು 440 ವರ್ಷಗಳಾದವು. ನೋಡುವ ಕಣ್ಣಿಗೆ ಮಾತ್ರ ಅದು ಈಗಷ್ಟೇ ಬಂದ ಬೆಳಕು.