ಬ್ಯಾಡಗಿಯ ಯ-ಒತ್ತು ತನ್ನ ಜಾಗಕ್ಕೆ ಬಂದ ಕತೆ

ಹುಬ್ಬಳ್ಳಿಯಿಂದ ಹರಿಹರದ ಕಡೆ ಹೊರಟ ರೈಲು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಈ ಕ್ರಮದಲ್ಲಿ ಮೂರು ಊರುಗಳನ್ನು ದಾಟುತ್ತದೆ. ಒಂದು ಮೊಬೈಲಿಗೆ ಕನ್ನಡ ಬರುತ್ತದೋ ಇಲ್ಲವೋ ತಿಳಿಯಲು ಈ ಮೂರು ಹೆಸರು ಬರೆದು ನೋಡಿದರೆ ಸಾಕು. ಹಾವೇರಿಯಲ್ಲಿ ಒತ್ತಕ್ಷರವೇ ಇಲ್ಲ. ಆದರೂ ‘ವ’ದ ತಲೆಕಟ್ಟು ಹೋಗಿ ಏತ್ವ ಬರಬೇಕು, ಅದರ ದೀರ್ಘ ಪಕ್ಕದಲ್ಲಿ ಕೂರಬೇಕು. ರಾಣೆಬೆನ್ನೂರಿನಲ್ಲಿ ‘ನ’ಕ್ಕೆ ಕೆಳಗೆ ನ-ಒತ್ತು, ಬಲಕ್ಕೆ ಊಕಾರದ ಕೊಂಬು. ಮೂರರಲ್ಲಿ ಕಠಿಣವಾದದ್ದು ಬ್ಯಾಡಗಿ. ಕಣ್ಣಿಗೆ ಕಾಣುವುದು ಮೂರೇ ಅಕ್ಷರ, ಯಂತ್ರದ ಒಳಗೆ ಇರುವುದು ಏಳು ಸಂಕೇತ: ಬ, ಹಲಂತದ ಗುರುತು, ಯ, ಆಕಾರ, ಡ, ಗ, ಇಕಾರ. ಆಕಾರ ಸಂಗ್ರಹವಾಗಿರುವುದು ಯಕಾರದ ನಂತರ, ಪರದೆಯ ಮೇಲೆ ಅದು ಹತ್ತಬೇಕಾದದ್ದು ಬಕಾರಕ್ಕೆ. ಯ ತನ್ನ ಪೂರ್ಣ ರೂಪ ಬಿಟ್ಟು ಒತ್ತಾಗಿ ಹಿಂದೆ ಸರಿಯಬೇಕು. ಬರೆಯುವ ಕೈಗೆ ಇದು ಎರಡನೇ ತರಗತಿಯ ಪಾಠ. ಯಂತ್ರಕ್ಕೆ ಇದನ್ನು ಯಾರಾದರೂ ಒಬ್ಬರು ಕುಳಿತು ಕಲಿಸಬೇಕು.

ಆಂಡ್ರಾಯ್ಡಿನ ಚರಿತ್ರೆಯನ್ನು ಸಾಮಾನ್ಯವಾಗಿ ಸಿಹಿತಿಂಡಿಗಳ ಹೆಸರಿನಲ್ಲಿ ಹೇಳುತ್ತಾರೆ. ಕಪ್‌ಕೇಕ್, ಡೋನಟ್, ಎಕ್ಲೇರ್, ಫ್ರೋಯೋ, ಜಿಂಜರ್‌ಬ್ರೆಡ್ ಹೀಗೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಸಾಗಿ 2018ರ ಪೈ ತನಕ. 2019ರಲ್ಲಿ ಬರೀ 10 ಎಂಬ ಸಂಖ್ಯೆ. ಈ ಪಟ್ಟಿ ಕ್ಯಾಲಿಫೋರ್ನಿಯಾದವರಿಗೆ ಸರಿ. ಬ್ಯಾಡಗಿಯ ಓದುಗನಿಗೆ ಆವೃತ್ತಿಗಳನ್ನು ಬೇರೆ ಬೇರೆ ಮಾಡಿ ತೋರಿಸಿದ್ದು ಪರದೆಯ ಮೇಲಿನ ಅಕ್ಷರ. ಮೊದಲು ಅದು ಖಾಲಿ ಡಬ್ಬವಾಗಿತ್ತು, ಆಮೇಲೆ ಒಡೆದ ಅಕ್ಷರವಾಯಿತು, ಆಮೇಲೆ ಕೂಡಿದ ಅಕ್ಷರವಾಯಿತು. ಆ ಕ್ರಮದಲ್ಲಿಯೇ ಈ ಕತೆ ಹೇಳಬೇಕೆಂಬುದು ನನ್ನ ಹಟ.

ಆಂಡ್ರಾಯ್ಡ್ ಹುಟ್ಟಿದ್ದು 2003ರ ಅಕ್ಟೋಬರಿನಲ್ಲಿ, ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೊದಲ್ಲಿ, ಡಿಜಿಟಲ್ ಕ್ಯಾಮೆರಾಗಳಿಗಾಗಿ. ಆಂಡಿ ರೂಬಿನ್ ಮತ್ತು ಅವರ ಮೂವರು ಜೊತೆಗಾರರು ಬೇಗನೆ ಮನಸ್ಸು ಬದಲಿಸಿ ಫೋನಿನ ಕಡೆ ಹೊರಳಿದರು. 2005ರಲ್ಲಿ ಗೂಗಲ್ ಆ ಕಂಪನಿಯನ್ನು ಕೊಂಡಿತು. 2008ರಲ್ಲಿ ಅಮೆರಿಕದಲ್ಲಿ ಮೊದಲ ಫೋನು ಮಾರಾಟಕ್ಕೆ ಬಂತು, 2009ರಲ್ಲಿ ಎಚ್‌ಟಿಸಿ ಮ್ಯಾಜಿಕ್ ಎಂಬ ಇನ್ನೊಂದು ಫೋನಿನ ರೂಪದಲ್ಲಿ ಆಂಡ್ರಾಯ್ಡ್ ಭಾರತಕ್ಕೂ ಬಂತು. ಅದರಲ್ಲಿ ಕನ್ನಡ ಇರಲಿಲ್ಲ.

ಆದರೆ 2009ರ ಏಪ್ರಿಲಿನಲ್ಲಿ ಹೊರಬಂದ 1.5 ಆವೃತ್ತಿಯಲ್ಲಿ, ಅಂದರೆ ಕಪ್‌ಕೇಕಿನಲ್ಲಿ, ಒಂದು ಬಾಗಿಲು ತೆರೆದಿತ್ತು. ಫೋನಿನ ಕೀಲಿಮಣೆಯನ್ನು ಕಂಪನಿಯೇ ಮಾಡಬೇಕೆಂದಿಲ್ಲ, ಯಾರು ಬೇಕಾದರೂ ಮಾಡಿ ಹಾಕಬಹುದು ಎಂಬ ವ್ಯವಸ್ಥೆ ಅದರಲ್ಲಿ ಬಂತು. ಮುಂದೆ ಕನ್ನಡದ ಹವ್ಯಾಸಿಗಳು ಮಾಡಿದ ಕೀಲಿಮಣೆಗಳೆಲ್ಲ ಒಳಬಂದದ್ದು ಈ ಬಾಗಿಲಿನಿಂದ. ಕೆ.ಪಿ. ರಾವ್ ರೂಪಿಸಿದ ಧ್ವನಿಯಾಧಾರಿತ ವಿನ್ಯಾಸ ಕಂಪ್ಯೂಟರಿನಲ್ಲಿ ಆಗಲೇ ಬಳಕೆಯಲ್ಲಿತ್ತು, ಅದೂ ಮೊಬೈಲಿಗೆ ಇಳಿಯಿತು. ವಿಚಿತ್ರವೆಂದರೆ, ಟೈಪಿಸುವ ದಾರಿ ಮೊದಲು ಸಿಕ್ಕಿತು, ಟೈಪಿಸಿದ್ದು ಕಾಣುವ ದಾರಿ ತಡವಾಗಿ ಸಿಕ್ಕಿತು.

ಕಾಣದ್ದಕ್ಕೆ ಕಾರಣ ಸಂಕೇತಗಳ ಕೊರತೆಯಲ್ಲ. ಎಲ್ಲ ಲಿಪಿಗಳ ಸಂಕೇತಪಟ್ಟಿಯಾದ ಯೂನಿಕೋಡಿನಲ್ಲಿ ಕನ್ನಡಕ್ಕೆ 128 ಮನೆಗಳು 1991ರಲ್ಲೇ ಮೀಸಲಾಗಿದ್ದವು. ನೋಕಿಯಾದ ಕೆಲವು ಗುಂಡಿಯ ಫೋನುಗಳಲ್ಲಿ ಕನ್ನಡ ಮೆನು ಸಹ ಇತ್ತು. ಆಂಡ್ರಾಯ್ಡಿಗೆ ಬೇಕಿದ್ದುದು ಎರಡು: ಕನ್ನಡದ ಆಕೃತಿಗಳಿರುವ ಫಾಂಟು, ಮತ್ತು ಆ ಆಕೃತಿಗಳನ್ನು ಯಾವುದರ ಪಕ್ಕ, ಯಾವುದರ ಕೆಳಗೆ ಇಡಬೇಕೆಂದು ಹೇಳುವ ತಂತ್ರಾಂಶ. ಹಳೆಯ ಮುದ್ರಣಾಲಯದ ಮೊಳೆ ಜೋಡಿಸುವವನು ಮಾಡುತ್ತಿದ್ದ ಕೆಲಸವೇ ಇದು. ಮೊಳೆಗಳ ಪೆಟ್ಟಿಗೆ ಮುಂದಿದ್ದರೆ ಸಾಲದು, ಬಕಾರ ಆದ ಮೇಲೆ ಯ-ಒತ್ತಿನ ಮೊಳೆ ಹುಡುಕಿ ಇಡುವ ಕೈ ಬೇಕು. ಮೊದಲ ಆವೃತ್ತಿಗಳಲ್ಲಿ ಪೆಟ್ಟಿಗೆಯೂ ಇರಲಿಲ್ಲ, ಕೈಯೂ ಇರಲಿಲ್ಲ. ಹಾಗಾಗಿ ಒಂದೊಂದು ಸಂಕೇತಕ್ಕೂ ಒಂದೊಂದು ಖಾಲಿ ಚೌಕ. ‘ಡಬ್ಬಾ ಬರಾಕತ್ತಾವ್ರೀ’ ಎನ್ನುತ್ತಿದ್ದರು ನಮ್ಮ ಕಡೆಯವರು.

2011, 2012ರ ಸುಮಾರಿಗೆ ನಮ್ಮ ಊರುಗಳ ಅಂಗಡಿಗೆ ಬಂದ ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನುಗಳಲ್ಲಿ ಬಹುಪಾಲು ಜಿಂಜರ್‌ಬ್ರೆಡ್, ಅಂದರೆ 2.3. ಕೆಲವು ಕಂಪನಿಗಳು ತಮ್ಮ ಮಾದರಿಗಳಿಗೆ ತಾವೇ ಭಾರತೀಯ ಲಿಪಿ ಸೇರಿಸಿ ಮಾರಿದವು, ಉಳಿದವುಗಳಲ್ಲಿ ಚೌಕಗಳೇ. ಸಾಹಸಿಗಳು ಫೋನನ್ನು ರೂಟ್ ಮಾಡಿ, ಅಂದರೆ ಕಂಪನಿ ಹಾಕಿದ ಬೀಗ ತೆಗೆದು, ವ್ಯವಸ್ಥೆಯ ಫಾಂಟ್ ಕಡತವನ್ನೇ ಬದಲಿಸಿ ಕನ್ನಡದ ಫಾಂಟನ್ನು ತುರುಕುತ್ತಿದ್ದರು. ಆಗ ಚೌಕ ಹೋಗಿ ಅಕ್ಷರ ಬರುತ್ತಿತ್ತು, ಆದರೆ ಒಡೆದ ಅಕ್ಷರ. ಬ್ಯಾಡಗಿ ‘ಬ್‌ಯಾಡಗಿ’ ಆಗುತ್ತಿತ್ತು. ಹಾವೇರಿ ಜಿಲ್ಲೆಯವನೇ ಆದ ಸರ್ವಜ್ಞ ‘ಸರ್‌ವಜ್‌ಞ’ ಆಗುತ್ತಿದ್ದ. ‘ಮೆಣಸಿನಕಾಯಿ’ಯಲ್ಲಿ ಒತ್ತಿಲ್ಲ ನಿಜ, ಆದರೆ ಬ್ಯಾಡಗಿ ಪೇಟೆಯಲ್ಲಿ ಬರೀ ಮೆಣಸಿನಕಾಯಿ ಎಂದರೆ ವ್ಯಾಪಾರ ನಡೆಯದು. ಗಿಡ್ಡಗೆ ದಪ್ಪಗಿದ್ದು ಬಣ್ಣ ಹೆಚ್ಚಿರುವುದು ಡಬ್ಬಿ, ಉದ್ದಕ್ಕೆ ಸಣ್ಣಗೆ ಸುಕ್ಕುಗಟ್ಟಿರುವುದು ಕಡ್ಡಿ. ಎರಡರ ದರವೂ ಬೇರೆ, ಎರಡರಲ್ಲೂ ಒತ್ತಕ್ಷರ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಬೆಳೆಯ ತಳಿಯ ಹೆಸರನ್ನು ಅದೇ ಹೊತ್ತಿನ ಹೊಸ ಫೋನು ಓದಲಾರದು ಎಂಬುದು ಸಣ್ಣ ಸಂಗತಿಯಲ್ಲ. ಸೋಮವಾರ, ಗುರುವಾರದ ಪೇಟೆಯ ದರ ತಿಳಿಸುವವರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರು. ಎಸ್ಸೆಮ್ಮೆಸ್ಸಿನ ಲೆಕ್ಕವೂ ಅದನ್ನೇ ಒತ್ತಾಯಿಸುತ್ತಿತ್ತು. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಯೂನಿಕೋಡ್ ಕನ್ನಡದಲ್ಲಿ 70 ಸಂಕೇತ. ಅದರಲ್ಲಿ ಬ್ಯಾಡಗಿ ಎಂಬ ಒಂದೇ ಹೆಸರು ಏಳನ್ನು ನುಂಗುತ್ತದೆ.

ಆ ದಿನಗಳಲ್ಲಿ ಒಂದು ಗುಟ್ಟು ಫೋನಿನಿಂದ ಫೋನಿಗೆ ಹರಡಿತು. ಒಪೇರಾ ಮಿನಿ ಎಂಬ ಬ್ರೌಸರ್ ಹಾಕಿಕೊಳ್ಳಬೇಕು. ವಿಳಾಸ ಬರೆಯುವ ಜಾಗದಲ್ಲಿ ‘ಒಪೇರಾ’, ಪಕ್ಕದಲ್ಲಿ ಎರಡು ಚುಕ್ಕೆ, ‘ಕಾನ್ಫಿಗ್’ ಎಂದು ಇಂಗ್ಲಿಷಿನಲ್ಲಿ ಟೈಪಿಸಬೇಕು. ಮಾಮೂಲಿ ಬಳಕೆದಾರರಿಗೆ ಕಾಣದ ಒಂದು ಪಟ್ಟಿ ತೆರೆಯುತ್ತದೆ. ಅದರಲ್ಲಿ, ಕ್ಲಿಷ್ಟ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸಬೇಕೇ ಎಂದು ಕೇಳುವ ಸಾಲಿಗೆ ‘ಯೆಸ್’ ಕೊಟ್ಟು ಉಳಿಸಬೇಕು. ಅಷ್ಟೇ. ಪುಟ ಮತ್ತೆ ತೆರೆದರೆ ಕನ್ನಡ ಒತ್ತಕ್ಷರ ಸಮೇತ ಎದುರಿಗಿರುತ್ತಿತ್ತು.

ಇದು ಹೇಗೆ ಸಾಧ್ಯವಾಯಿತು? ಒಪೇರಾ ಮಿನಿ ಜಾಲಪುಟವನ್ನು ನೇರವಾಗಿ ಫೋನಿಗೆ ತರುತ್ತಿರಲಿಲ್ಲ. ನಾರ್ವೆ ಮೂಲದ ಆ ಕಂಪನಿಯ ಸರ್ವರುಗಳು ಪುಟವನ್ನು ಮೊದಲು ತಾವು ತೆರೆದು, ಕುಗ್ಗಿಸಿ ಕಳಿಸುತ್ತಿದ್ದವು. ಆ ಸಾಲಿಗೆ ಒಪ್ಪಿಗೆ ಕೊಟ್ಟಾಗ ಸರ್ವರೇ ಕನ್ನಡದ ಅಕ್ಷರಗಳನ್ನು ಜೋಡಿಸಿ, ಚಿತ್ರ ಮಾಡಿ ಕಳಿಸುತ್ತಿತ್ತು. ಫೋನಿಗೆ ಕನ್ನಡ ಬರುತ್ತಿರಲಿಲ್ಲ. ಅದು ತೋರಿಸುತ್ತಿದ್ದುದು ಕನ್ನಡದ ಪಟವನ್ನು. ಹಾಗಾಗಿ ಅದನ್ನು ಎತ್ತಿ ಇನ್ನೊಬ್ಬರಿಗೆ ಕಳಿಸುವ ಹಾಗಿರಲಿಲ್ಲ, ಡೇಟಾ ಸಹ ಹೆಚ್ಚು ಖರ್ಚಾಗುತ್ತಿತ್ತು. ಆದರೂ ಕನ್ನಡ ಪತ್ರಿಕೆಯ ತಾಣವನ್ನು ಅಂಗೈಯಲ್ಲಿ ಮೊದಲ ಸಲ ಓದಿದ ಎಷ್ಟೋ ಜನರಿಗೆ ದಾರಿ ಮಾಡಿಕೊಟ್ಟದ್ದು ಈ ಗುಟ್ಟು. ಇದನ್ನು ಕಂಡುಕೊಂಡು, ಕಲಿತು, ಪಕ್ಕದವರಿಗೆ ಕಲಿಸಿದವರ ಹೆಸರು ಯಾವ ಚರಿತ್ರೆಯಲ್ಲೂ ಇಲ್ಲ. ಮೊಬೈಲ್ ರಿಪೇರಿ ಅಂಗಡಿಯ ಹುಡುಗರು, ಕಾಲೇಜು ವಿದ್ಯಾರ್ಥಿಗಳು ಈ ಕೆಲಸ ಮಾಡಿದರು. ನನ್ನ ಲೆಕ್ಕದಲ್ಲಿ ಅದೂ ಆವಿಷ್ಕಾರದ ಭಾಗವೇ.

ಅಸಲಿ ಬದಲಾವಣೆ ಬಂದದ್ದು ಆವೃತ್ತಿಗಳ ಒಳಗೆ. 2011ರ ಅಕ್ಟೋಬರಿನ 4.0 ಆವೃತ್ತಿ ದೇವನಾಗರಿ, ಬಂಗಾಳಿ, ತಮಿಳಿಗೆ ಜಾಗ ಮಾಡಿತು. ಕನ್ನಡಕ್ಕೆ ಇನ್ನೂ ಕಾಯಬೇಕಿತ್ತು. 2012ರ ಮಧ್ಯದಲ್ಲಿ ಬಂದ 4.1, ಜೆಲ್ಲಿಬೀನ್, ಕನ್ನಡ, ತೆಲುಗು, ಮಲಯಾಳಂ ಮೂರನ್ನೂ ಒಟ್ಟಿಗೆ ಸೇರಿಸಿಕೊಂಡಿತು. ಆಂಡ್ರಾಯ್ಡಿನ ಬಿಡುಗಡೆ ಟಿಪ್ಪಣಿಯಲ್ಲಿ ಅದಕ್ಕೆ ಸಿಕ್ಕಿದ್ದು ಒಂದು ಸಾಲು. ಆ ಒಂದು ಸಾಲಿನ ಹಿಂದೆ ಮುಂದೆ ನಡೆದ ಕೆಲಸವೇ ನನಗೆ ಈ ಕತೆಯ ತಿರುಳು.

ಅಕ್ಷರ ಜೋಡಿಸುವ ಆ ಮುಕ್ತ ತಂತ್ರಾಂಶದ ಹೆಸರು ಹಾರ್ಫ್‌ಬಜ್. ಇದರ ಮೂಲ ಫ್ರೀಟೈಪ್ ಎಂಬ ಇನ್ನೊಂದು ಮುಕ್ತ ಯೋಜನೆಯಲ್ಲಿತ್ತು. ಇರಾನಿನಲ್ಲಿ ಹುಟ್ಟಿ ಕೆನಡಾಕ್ಕೆ ಹೋದ ಬೆಹದಾದ್ ಎಸ್ಫಹ್ಬೋದ್ ಅದನ್ನು ಬುಡದಿಂದ ಹೊಸದಾಗಿ ಬರೆದರು. ಭಾರತದ ಲಿಪಿಗಳ ಭಾಗಕ್ಕೆ ಅವರು ಕೈಹಾಕಿದಾಗ ಎದುರಾದ ಪ್ರಶ್ನೆ ಸರಳ: ಕನ್ನಡ ಓದಲು ಬಾರದ ನಾನು ನನ್ನ ತಂತ್ರಾಂಶ ಕನ್ನಡವನ್ನು ಸರಿಯಾಗಿ ಕೂರಿಸಿದೆ ಎಂದು ತಿಳಿಯುವುದು ಹೇಗೆ?

ಉತ್ತರಕ್ಕೆ ಎರಡು ಸಾಧನ ಬಳಸಿದರು. ಒಂದು, ಮೈಕ್ರೋಸಾಫ್ಟ್ ವಿಂಡೋಸಿನ ಅಕ್ಷರ ಜೋಡಣೆ. ವಿಂಡೋಸ್ ಎಕ್ಸ್‌ಪಿ ಕಾಲದಿಂದಲೂ, 2001ರಿಂದ, ಅದರಲ್ಲಿ ತುಂಗಾ ಫಾಂಟಿನ ಜೊತೆ ಕನ್ನಡ ಓದಲು ಬರುತ್ತಿತ್ತು. ಇನ್ನೊಂದು, ವಿಕಿಪೀಡಿಯ. ಆಯಾ ಭಾಷೆಯ ವಿಕಿಪೀಡಿಯದಲ್ಲಿ ಜನ ಬರೆದ ಪಠ್ಯದಿಂದ ಪದಗಳನ್ನು ಆರಿಸಿ, ಒಂದೊಂದನ್ನೂ ವಿಂಡೋಸಿಗೂ ಹಾರ್ಫ್‌ಬಜ್‌ಗೂ ಕೊಟ್ಟು, ಎರಡೂ ಆಕೃತಿಗಳನ್ನು ಒಂದೇ ರೀತಿ ಇಡುತ್ತವೆಯೇ ಎಂದು ಹೋಲಿಸುವುದು. ಕನ್ನಡದಲ್ಲಿ ಹೀಗೆ ಪರೀಕ್ಷೆಗೆ ನಿಂತ ಪದಗಳು ಒಂಬತ್ತೂವರೆ ಲಕ್ಷಕ್ಕೂ ಹೆಚ್ಚು. ವ್ಯತ್ಯಾಸ ಕಂಡ ಪದವನ್ನು ತೆಗೆದು ನೋಡುವುದು, ನಿಯಮ ತಿದ್ದುವುದು, ಎಲ್ಲವನ್ನೂ ಮತ್ತೆ ಓಡಿಸುವುದು. ಕೆಲವೆಡೆ ವಿಂಡೋಸೇ ತಪ್ಪಿತ್ತು, ಅದನ್ನೂ ವಿವೇಚಿಸಬೇಕಿತ್ತು. 2012ರ ಬೇಸಿಗೆ, ಮಳೆಗಾಲ ಕಳೆಯುವ ಹೊತ್ತಿಗೆ ಕನ್ನಡದಲ್ಲಿ ತಾಳೆಯಾಗದ ಪದಗಳು ಸಾವಿರಕ್ಕೆ ಒಂದಕ್ಕಿಂತ ಕಡಿಮೆಯಾದವು. 4.1ರ ನಂತರದ ಆವೃತ್ತಿಗಳಲ್ಲಿ ಆಂಡ್ರಾಯ್ಡ್ ಈ ಹೊಸ ಹಾರ್ಫ್‌ಬಜ್‌ಗೆ ಬಂತು. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆ ಆಫೀಸ್ ಕೂಡ ಇದನ್ನೇ ನೆಚ್ಚಿಕೊಂಡವು.

ಆ ಒಂಬತ್ತೂವರೆ ಲಕ್ಷ ಪದಗಳನ್ನು ಬರೆದವರು ಯಾರು? 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೆ ಸಂಬಳವಿಲ್ಲದೆ, ರಾತ್ರಿ ಕುಳಿತು, ತಮ್ಮೂರು, ತಮ್ಮ ಕವಿ, ತಮ್ಮ ಹೊಳೆಯ ಬಗ್ಗೆ ಬರೆದ ಸ್ವಯಂಸೇವಕರು. ಓದುವವರು ಎಲ್ಲಿದ್ದಾರೆ ಎಂಬ ಪ್ರಶ್ನೆ ಅವರಿಗೆ ಎದುರಾಗಿರಬೇಕು. ಅವರ ಬರಹವನ್ನು ಓದಲೇ ಬಾರದ ಒಬ್ಬ ಇಂಜಿನಿಯರು ಒಂದೊಂದು ಪದವನ್ನೂ ತೂಗಿ ನೋಡುತ್ತಿದ್ದುದು ಅವರಿಗೆ ಗೊತ್ತಿರಲಿಲ್ಲ. ಕಂಪನಿ, ಸರ್ಕಾರ, ವಿಶ್ವವಿದ್ಯಾಲಯ ಎಲ್ಲಕ್ಕಿಂತ ಮೊದಲು ನಾವು ನೆನೆಯಬೇಕಾದದ್ದು ಅವರನ್ನು.

2014ರ ನವೆಂಬರಿನಲ್ಲಿ ಬಂದ 5.0, ಲಾಲಿಪಾಪ್, ಇನ್ನೊಂದು ಹೆಜ್ಜೆ. ಅಲ್ಲಿಯವರೆಗೆ ಫೋನಿನಲ್ಲಿ ಕನ್ನಡ ಓದಬಹುದಿತ್ತು, ಫೋನು ಮಾತ್ರ ಇಂಗ್ಲಿಷಿನಲ್ಲೇ ಇತ್ತು. ಲಾಲಿಪಾಪಿನಲ್ಲಿ ಸೇರಿದ 15 ಹೊಸ ಭಾಷೆಗಳಲ್ಲಿ ಕನ್ನಡವೂ ಒಂದು. ಸೆಟ್ಟಿಂಗ್ಸ್ ಹೋಗಿ ‘ಸೆಟ್ಟಿಂಗ್‌ಗಳು’ ಬಂತು, ಸಂಪರ್ಕಗಳು, ಸಂದೇಶಗಳು ಬಂದವು. ಕೆಲವು ಅನುವಾದ ಬಿಗಿಯಾಗಿದ್ದವು ನಿಜ. ಪಠ್ಯವನ್ನು ಪರದೆಗೆ ಅಳವಡಿಸುವ ಭಾಗವನ್ನೂ ಈ ಆವೃತ್ತಿಯಲ್ಲಿ ಇಂಜಿನಿಯರ್ ರಾಫ್ ಲೆವಿಯೆನ್ ಹೊಸದಾಗಿ ಕಟ್ಟಿದ್ದರು, ಅದೂ ಹಾರ್ಫ್‌ಬಜ್ ಮೇಲೆ.

ಇಷ್ಟೆಲ್ಲ ಆದರೂ ಆವೃತ್ತಿ ಬಿಡುಗಡೆಯಾದ ದಿನವೇ ಬ್ಯಾಡಗಿಗೆ ಬರುವುದಿಲ್ಲ. ಅಗ್ಗದ ಫೋನಿಗೆ ಕಂಪನಿಗಳು ಹೊಸ ಆವೃತ್ತಿ ಕಳಿಸುತ್ತಲೇ ಇರಲಿಲ್ಲ. ಜಿಂಜರ್‌ಬ್ರೆಡ್ ಫೋನು ಸಾಯುವ ತನಕ ಜಿಂಜರ್‌ಬ್ರೆಡ್ಡೇ. ಕನ್ನಡ ಬೇಕೆಂದರೆ ಹೊಸ ಫೋನು ಕೊಳ್ಳಬೇಕು, ಅದು ಸುಗ್ಗಿ ಕೈಗೆ ಹತ್ತಿದ ವರ್ಷ ಮಾತ್ರ ಆಗುವ ಮಾತು. 4.1ರಲ್ಲಿ ಬಂದ ಕನ್ನಡ ಹೊಲದ ಬದುವಿನ ತನಕ ತಲುಪಲು ಹಲವು ವರ್ಷ ಹಿಡಿದದ್ದು ಈ ಕಾರಣಕ್ಕೆ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದಾಗ ಜನ ಒಟ್ಟಿಗೆ ಫೋನು ಬದಲಿಸಿದರು. ಹೊಸ ಆವೃತ್ತಿಗಳೂ ಒಟ್ಟಿಗೆ ಊರಿಗೆ ಬಂದವು. 2017ರ ಆಗಸ್ಟಿನಲ್ಲಿ ಗೂಗಲ್ ಕನ್ನಡದಲ್ಲಿ ಮಾತಾಡಿದ್ದನ್ನು ಬರೆದುಕೊಳ್ಳುವ ಸೌಲಭ್ಯ ಕೊಟ್ಟಿತು. ಓದಲು ಬರುತ್ತದೆ, ಆದರೆ ಸಣ್ಣ ಕೀಲಿಗಳ ಮೇಲೆ ಬೆರಳು ಓಡುವುದಿಲ್ಲ ಎನ್ನುವ ಹಿರಿಯರಿಗೆ ಇದರಿಂದ ಬರೆಯುವ ದಾರಿ ಸಿಕ್ಕಿತು.

2020ರ ಮುಂಗಾರಿನಲ್ಲಿ ರಾಜ್ಯ ಸರ್ಕಾರ ರೈತರೇ ತಮ್ಮ ಹೊಲದ ಬೆಳೆ ಸಮೀಕ್ಷೆಯನ್ನು ಮೊಬೈಲಿನಲ್ಲಿ ಮಾಡಲಿ ಎಂದು ಆಂಡ್ರಾಯ್ಡ್ ಆ್ಯಪ್ ಬಿಟ್ಟಿತು. ಆಗ ಕೃಷಿ ಮಂತ್ರಿಯಾಗಿದ್ದವರು ಹಾವೇರಿ ಜಿಲ್ಲೆಯ ಹಿರೇಕೆರೂರಿನ ಶಾಸಕ ಬಿ.ಸಿ. ಪಾಟೀಲ. ಸರ್ವೆ ನಂಬರು ಆರಿಸಿ, ಬೆಳೆಯ ಹೆಸರು ಗುರುತಿಸಿ, ಹೊಲದಲ್ಲಿ ನಿಂತು ಫೋಟೊ ತೆಗೆದು ಕಳಿಸುವುದು. ಗೋವಿನಜೋಳ, ಹತ್ತಿ, ಮೆಣಸಿನಕಾಯಿ ಎಂದು ಪರದೆಯ ಮೇಲೆ ಕನ್ನಡದಲ್ಲಿ ಓದಿಕೊಂಡು ಒತ್ತುವ ಈ ಕೆಲಸ ಜಿಂಜರ್‌ಬ್ರೆಡ್ಡಿನ ದಿನಗಳಲ್ಲಿ ಆಗುವಂಥದ್ದಲ್ಲ. ಪಹಣಿಗೂ ಬೆಳೆ ವಿಮೆಗೂ ಹೋಗುವ ಮಾಹಿತಿ ಇದು. ಇಲ್ಲಿ ಅಕ್ಷರ ಒಡೆದರೆ ರೈತನ ಲೆಕ್ಕವೇ ಒಡೆಯುತ್ತದೆ.

ಒಂದು ಕೆಲಸ ಉಳಿದೇ ಇದೆ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚಾದ ಕಡತಗಳು ಕಚೇರಿಗಳಲ್ಲಿ, ಶಾಲೆಗಳಲ್ಲಿ, ಮುದ್ರಣಾಲಯಗಳಲ್ಲಿ ರಾಶಿ ಬಿದ್ದಿವೆ. ಅವನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಇವತ್ತಿನ ಆಂಡ್ರಾಯ್ಡಿನಲ್ಲೂ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು ಕಾಣುತ್ತದೆ. ತಪ್ಪು ಫೋನಿನದಲ್ಲ, ಆ ಕಡತಗಳು ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡದ ಆಕೃತಿ ಹೊದಿಸಿದಂಥವು. ಅವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಕಚೇರಿಗಳಲ್ಲಿ ಇಂಥ ಕಡತ ಇನ್ನೂ ಇದ್ದರೆ, ಸುತ್ತೋಲೆಯನ್ನು ಹೊರಗೆ ಕಳಿಸುವ ಮೊದಲು ಒಮ್ಮೆ ತಿರುಗಿಸಿ ಕಳಿಸಲಿ. ಅದಕ್ಕೆ ಆಂಡ್ರಾಯ್ಡಿನ ಮುಂದಿನ ಆವೃತ್ತಿಗೆ ಕಾಯಬೇಕಾಗಿಲ್ಲ.