ಒಂದು ಟಿಕ್ ಬಿತ್ತು, ಪುಸ್ತಕ ಮಾಯ!

ನಿಷೇಧ ಮಾಡದೇನೇ ಒಂದು ಪುಸ್ತಕವನ್ನ ಹೇಗೆ ಮಾಯ ಮಾಡಬಹುದು? ಇವತ್ತು ಅದನ್ನ ನೋಡೋಣ.

2009ರ ಏಪ್ರಿಲ್. ಅಮೆಜಾನ್‌ನಲ್ಲಿ ಸಲಿಂಗ ಪ್ರೇಮದ ಎಷ್ಟೋ ಪುಸ್ತಕಗಳ ಮಾರಾಟದ ರ‍್ಯಾಂಕ್ ಇದ್ದಕ್ಕಿದ್ದಂತೆ ಕಾಣೆಯಾಯಿತು. ಕಾರಣ, 'ಅಡಲ್ಟ್' ಅನ್ನೋ ಗುರುತು. ಇಬ್ಬರು ಅಮ್ಮಂದಿರಿರೋ ಮಗುವಿನ ಚಿತ್ರಪುಸ್ತಕಕ್ಕೂ ಅದೇ ಗತಿ! ಕ್ಯಾಟಲಾಗ್ ಮಾಡುವಾಗ ಆದ ತಪ್ಪು, ಒಟ್ಟು 57,310 ಪುಸ್ತಕಗಳಿಗೆ ತಗುಲಿದೆ ಅಂತ ಕಂಪನಿ ಒಪ್ಪಿಕೊಂಡು ಸರಿಮಾಡಿತು.

ನಮಗೆ ಸಾಫ್ಟ್‌ವೇರ್‌ನವರಿಗೆ ಇದು ಬಿಡಿಸಿ ಹೇಳಬೇಕಾ? ಒಂದು ಫ್ಲ್ಯಾಗ್ 'ಟ್ರೂ' ಆದರೆ ಸಾಕು. ಬೆಸ್ಟ್‌ಸೆಲ್ಲರ್ ಪಟ್ಟಿ, ಸರ್ಚ್ ಎಲ್ಲವೂ ಅದನ್ನೇ ನಂಬುತ್ತವೆ. ಪುಸ್ತಕ ಗೋದಾಮಿನಲ್ಲೇ ಇರತ್ತೆ, ಹುಡುಕಿದವನಿಗೆ ಮಾತ್ರ ಸಿಗಲ್ಲ. ಅದನ್ನ ಯಾರೂ ತೆರೆದು ಓದಿರಲ್ಲ ಅನ್ನೋದೇ ತಮಾಷೆ.

ಈಗ ನಮ್ಮ ವಿಷಯ. ವಸುಧೇಂದ್ರ ಅವರ 'ಮೋಹನಸ್ವಾಮಿ' ಬಂದದ್ದು 2013ರಲ್ಲಿ. ಅವರೂ ವರ್ಷಗಟ್ಟಲೆ ಸಾಫ್ಟ್‌ವೇರ್‌ನಲ್ಲಿ ದುಡಿದವರೇ. ಸಲಿಂಗಿ ಹುಡುಗನ ಕಥೆಗಳು ಅವು. ಅದರಲ್ಲಿರೋದು ಅವಮಾನ, ಆಸೆ, ಒಂಟಿತನ. ಯಾರಾದ್ರೂ ಅದಕ್ಕೆ 'ಅಡಲ್ಟ್' ಅಂತ ಟಿಕ್ ಹಾಕಿದ್ದರೆ?

ನಾನಿರೋ ತಾರ್ನಾಕದ ಗಲ್ಲಿಯಲ್ಲಿ ಕನ್ನಡ ಪುಸ್ತಕದ ಅಂಗಡಿ ಇಲ್ಲ. ಇದ್ದಿದ್ದರೂ ಕೌಂಟರ್‌ನಲ್ಲಿ ನಿಂತು ಆ ಹೆಸರು ಹೇಳೋ ಧೈರ್ಯ ಆಗ ನನಗಿರಲಿಲ್ಲ. ರೂಮ್‌ಮೇಟ್ ಮಲಗಿದ ಮೇಲೆ ಸರ್ಚ್ ಮಾಡಿದೆ. ಸಿಕ್ತು.

ಹೋದ ಸಲ ಊರಿಗೆ ಹೋದಾಗ ಅದನ್ನ ಅಕ್ಕನ ಕೈಗೆ ಕೊಟ್ಟು ಬಂದೆ. ಇನ್ನೂ ಫೋನ್ ಬಂದಿಲ್ಲ.